ಹಟಕ್ಕೂ ಲೆಕ್ಕ ಬೇಕು

1997ರಲ್ಲಿ ಹರಪನಹಳ್ಳಿ ತಾಲ್ಲೂಕು ಬಳ್ಳಾರಿ ಜಿಲ್ಲೆಯಿಂದ ದಾವಣಗೆರೆಗೆ ಹೋಯಿತು. ಮುಂದೆ ಬಳ್ಳಾರಿಯೂ ಸೇರಿದ ಹೈದರಾಬಾದ್ ಕರ್ನಾಟಕಕ್ಕೆ ವಿಶೇಷ ಸ್ಥಾನ ಕೊಡುವ ಸಂವಿಧಾನದ 371(ಜೆ) ವಿಧಿ ಬಂದಾಗ, ಬಳ್ಳಾರಿಯಲ್ಲೇ ಉಳಿದಿದ್ದ ಪಕ್ಕದ ಹಡಗಲಿ, ಕೂಡ್ಲಿಗಿಯ ಹುಡುಗರಿಗೆ ಸಿಕ್ಕ ಮೀಸಲಾತಿ ಇಲ್ಲಿಯವರಿಗೆ ದಕ್ಕಲಿಲ್ಲ. ‘ಮರಳಿ ಬಳ್ಳಾರಿಗೆ ಸೇರಿಸಿ, ಬೇರೆ ಮಾತು ಬೇಡ’ ಎಂದು ಜನ ಪಟ್ಟು ಹಿಡಿದರು, 2018ರಲ್ಲಿ ಗೆದ್ದರು. ಹಟವೇ ಅದು, ಆದರೆ ಕಾಲೇಜು ಸೀಟು, ನೌಕರಿಯ ಲೆಕ್ಕ ಮುಂದಿಟ್ಟ ಹಟ. ಆ ಲೆಕ್ಕವನ್ನು ಯಾರು ಬೇಕಾದರೂ ತಾಳೆ ನೋಡಬಹುದಿತ್ತು.

2021ರಲ್ಲಿ ಬಳ್ಳಾರಿಯನ್ನು ಒಡೆದು ವಿಜಯನಗರ ಜಿಲ್ಲೆಯಾಗುವಾಗ ಅಂಥ ಲೆಕ್ಕ ಕಾಣಲಿಲ್ಲ. ಅಖಂಡ ಬಳ್ಳಾರಿ ಎಂದವರಿಗೂ, ಹೊಸಪೇಟೆಯೇ ಕೇಂದ್ರ ಎಂದವರಿಗೂ, ಹರಪನಹಳ್ಳಿಯೇ ಆಗಲಿ ಎಂದವರಿಗೂ ಎದುರಾಳಿ ದ್ರೋಹಿಯಂತೆ ಕಂಡ. (ನಾವು ಪತ್ರಿಕೆಯವರೂ ಆ ಗದ್ದಲಕ್ಕೆ ತುಪ್ಪ ಸುರಿದವರೇ.) ಕೊಟ್ಟೂರು, ಹಗರಿಬೊಮ್ಮನಹಳ್ಳಿಯ ರೈತನಿಗೆ ಜಿಲ್ಲಾ ಕಚೇರಿಗೆ ಹೋಗಿಬರಲು ಬಸ್ ಚಾರ್ಜು ಎಷ್ಟಾಗುತ್ತದೆ ಎಂದು ಆಗ ಎಷ್ಟು ಜನ ಕೇಳಿದ್ದರು?