ಹಾಡಿನಾಚೆಯ ಇಂದಿರೆ

ನಮ್ಮ ಹಳೆಯ ಪ್ರೇಮಚಿತ್ರಗಳು ಈಗ ಬಹುಮಟ್ಟಿಗೆ ಹಾಡುಗಳಾಗಿ ಬದುಕಿವೆ. ಮದುವೆಮನೆಯ ಆರ್ಕೆಸ್ಟ್ರಾದಲ್ಲಾಗಲಿ, ದೂರದೇಶದ ಕನ್ನಡ ಕೂಟದಲ್ಲಾಗಲಿ ‘ಎರಡು ಕನಸು’ ಚಿತ್ರದ ಒಂದು ಪಲ್ಲವಿ ಶುರುವಾದರೆ ಸಾಕು, ಅಜ್ಜಿಯ ಜೊತೆ ಮೊಮ್ಮಗಳೂ ದನಿಗೂಡಿಸುತ್ತಾಳೆ. ಚಿ. ಉದಯಶಂಕರ್ ಅವರ ಸಾಹಿತ್ಯ, ರಾಜನ್-ನಾಗೇಂದ್ರ ಅವರ ರಾಗ, ಪಿ.ಬಿ. ಶ್ರೀನಿವಾಸ್ ಮತ್ತು ಎಸ್. ಜಾನಕಿಯವರ ಕಂಠ, ಮನಸ್ಸು ಕರಗದೆ ಇನ್ನೇನಾದೀತು! ಆದರೆ 1974ರ ಆ ಚಿತ್ರದ ಕಥೆಯೇನು ಎಂದು ಕೇಳಿ ನೋಡಿ, ಹಾಡುತ್ತಿದ್ದವರು ತಡವರಿಸುತ್ತಾರೆ.

ಪ್ರೀತಿಸಿದ ಲಲಿತೆಯನ್ನು ಕಳೆದುಕೊಂಡ ರಾಮು ಮನೆಯವರ ಒತ್ತಾಯಕ್ಕೆ ಗೌರಿಯ ಕೈಹಿಡಿಯುತ್ತಾನೆ. ಕೈಹಿಡಿದರೂ ಅವಳತ್ತ ತಿರುಗಿ ನೋಡುವುದಿಲ್ಲ. ಒಂದೇ ಸೂರಿನಡಿ ಅವಳು ಕಾಯುತ್ತಾಳೆ. ಗೌರಿಯಾಗಿ ನಟಿಸಿದ ಕಲ್ಪನಾ ಅವರ ಆ ಕಾಯುವಿಕೆಯನ್ನು ಇಂದು ನೋಡುವಾಗ ನನಗೆ ಕಣ್ಣೀರಿನ ಜೊತೆ ಸಿಟ್ಟೂ ಬರುತ್ತದೆ. ಸಹನೆಗೆ ಕೊನೆಯಲ್ಲಿ ಫಲ ಸಿಕ್ಕಿತೆಂದ ಮಾತ್ರಕ್ಕೆ ಅಷ್ಟು ದಿನದ ಅವಮಾನ ಅಳಿಸಿಹೋಗುವುದೇ? ನಾವು ಗುನುಗುವ ಹಾಡುಗಳ ಹಿಂದೆ ಈ ಪ್ರಶ್ನೆ ಕುಳಿತಿದೆ.

ಈ ಕಥೆ ವಾಣಿಯವರ ಕಾದಂಬರಿಯದು. ‘ಶುಭಮಂಗಳ’, ‘ಹೊಸ ಬೆಳಕು’ ಚಿತ್ರಗಳ ಮೂಲವೂ ಅವರ ಕಾದಂಬರಿಗಳೇ. ‘ಗೆಜ್ಜೆಪೂಜೆ’ ಎಂ.ಕೆ. ಇಂದಿರಾ ಅವರದು, ‘ಬೆಳ್ಳಿಮೋಡ’, ‘ಶರಪಂಜರ’ ತ್ರಿವೇಣಿಯವರದು. ಲೈಬ್ರರಿಯಿಂದ ತಂದ ಪುಸ್ತಕವನ್ನು ಮಧ್ಯಾಹ್ನದ ಬಿಡುವಿನಲ್ಲಿ ಓದಿ, ಅಕ್ಕಪಕ್ಕದ ಮನೆಗೂ ಕೊಟ್ಟು, ಪಾತ್ರಗಳ ಬಗ್ಗೆ ಜಗಳವಾಡಿದ್ದ ಹೆಂಗಸರು ಆಮೇಲೆ ಚಿತ್ರಮಂದಿರಕ್ಕೂ ಬಂದರು. ಹೆಣ್ಣಿನ ಮನಸ್ಸನ್ನು ಒಳಗಿನಿಂದ ಬಲ್ಲ ಬರಹ, ಅದನ್ನು ಬಲ್ಲ ಪ್ರೇಕ್ಷಕರು. ಆ ಕಾಲದ ಪ್ರೇಮಚಿತ್ರಗಳಿಗೆ ತೂಕ ಬಂದದ್ದು ಇಲ್ಲಿಂದ ಎಂದು ನನ್ನ ನಂಬಿಕೆ.

‘ಬೆಳ್ಳಿಮೋಡ’ದ ಮಾತನ್ನೇ ತೆಗೆದುಕೊಳ್ಳಿ. 1967ರಲ್ಲಿ ಪುಟ್ಟಣ್ಣ ಕಣಗಾಲ್ ಅದನ್ನು ತೆರೆಗೆ ತಂದಾಗ ತ್ರಿವೇಣಿಯವರು ತೀರಿಕೊಂಡು ನಾಲ್ಕು ವರ್ಷವಾಗಿತ್ತು. ಬೇಂದ್ರೆಯವರ ‘ಬೆಳಗು’ ಕವಿತೆ ವಿಜಯಭಾಸ್ಕರ್ ಅವರ ಸಂಗೀತದಲ್ಲಿ ಮನೆಮನೆಗೂ ತಲುಪಿದ್ದು ಈ ಚಿತ್ರದಿಂದಲೇ. ಮಲೆನಾಡಿನ ಎಸ್ಟೇಟಿನ ಒಬ್ಬಳೇ ಮಗಳು ಇಂದಿರೆ. ಅವಳನ್ನು ಮದುವೆಯಾಗುವೆನೆಂದ ಮೋಹನ ಅವಳ ತಂದೆಯ ದುಡ್ಡಿನಲ್ಲೇ ಓದಲು ವಿದೇಶಕ್ಕೆ ಹೋಗುತ್ತಾನೆ. ಅಷ್ಟರಲ್ಲಿ ಇಂದಿರೆಗೊಬ್ಬ ತಮ್ಮ ಹುಟ್ಟುತ್ತಾನೆ, ಆಸ್ತಿಗೆ ವಾರಸುದಾರ ಬಂದಂತಾಗುತ್ತದೆ. ಮೋಹನನ ಪ್ರೀತಿ ಅಲ್ಲಿಗೆ ಮುಗಿಯುತ್ತದೆ. ಮುಂದೆ ಅವನು ಬಿದ್ದು ಕಾಲು ಮುರಿದುಕೊಂಡಾಗ ಇಂದಿರೆಯೇ ಆರೈಕೆ ಮಾಡುತ್ತಾಳೆ. ಅವನ ಮನಸ್ಸು ಕರಗುತ್ತದೆ, ಮತ್ತೆ ಅವಳನ್ನು ಬೇಡುತ್ತಾನೆ. ಅವಳು ಒಪ್ಪುವುದಿಲ್ಲ.

ಪ್ರೇಮಚಿತ್ರ ನೋಡಲು ಬಂದ ಜನ ಆ ನಿರಾಕರಣೆಯನ್ನು ಎದೆಗೆ ಹಚ್ಚಿಕೊಂಡರು. ಇಂದಿರೆ ಕೂಗಾಡುವುದಿಲ್ಲ, ಸೇಡು ತೀರಿಸಿಕೊಳ್ಳುವುದಿಲ್ಲ. ನೊಂದವನ ಸೇವೆ ಮಾಡಬಲ್ಲಳು. ತನ್ನನ್ನು ಎಸ್ಟೇಟಿನೊಂದಿಗೆ ತೂಗಿದವನ ಜೊತೆ ಬಾಳಲಾರಳು. ಇಷ್ಟು ಘನತೆಯ ‘ಬೇಡ’ವನ್ನು ನಾನು ನಮ್ಮ ಚಿತ್ರಗಳಲ್ಲಿ ಬೇರೆಲ್ಲೂ ಕಂಡಿಲ್ಲ. ಹಳೆಯ ಚಿತ್ರವೆಂದರೆ ಮುಗ್ಧ ಕಾಲದ ಮುಗ್ಧ ಪ್ರೀತಿ ಎನ್ನುವವರಿಗೆ ಇಂದಿರೆಯನ್ನು ತೋರಿಸಬೇಕು.

2006ರ ‘ಮುಂಗಾರು ಮಳೆ’ಯಲ್ಲೂ ಪ್ರೇಮಿಗಳು ಒಂದಾಗಲಿಲ್ಲ. ಅದಕ್ಕೂ ಈಗ ಹಳೆಯ ಹಾಡಿನ ಹೊಳಪು ಬರುತ್ತಿದೆ. ಜಯಂತ ಕಾಯ್ಕಿಣಿಯವರ ಸಾಲುಗಳು ಬಾಯಲ್ಲಿವೆ, ನಾಯಕ ಪ್ರೀತಮ್‌ನ ತ್ಯಾಗ ನಿಧಾನಕ್ಕೆ ಮಸುಕಾಗುತ್ತಿದೆ.

ಹಾಡು ಕೇಳಿ ನಿಲ್ಲಿಸದೆ ಈ ಚಿತ್ರಗಳನ್ನು ಮೊದಲಿನಿಂದ ಕೊನೆಯವರೆಗೆ ನೋಡಿ ಎಂದು ಓದುಗರಲ್ಲಿ ಕೇಳಿಕೊಳ್ಳುತ್ತೇನೆ, ಸಾಧ್ಯವಾದರೆ ಕಾದಂಬರಿಯನ್ನೂ ಪಕ್ಕದಲ್ಲಿಟ್ಟುಕೊಂಡು. ‘ಬೆಳ್ಳಿಮೋಡ’ ನೋಡಿ ಮನೆಗೆ ಮರಳಿದ ದಿನ ನಿಮ್ಮ ಅಮ್ಮ, ದೊಡ್ಡಮ್ಮ, ಅತ್ತೆಯರು ಇಂದಿರೆಯ ತೀರ್ಮಾನದ ಬಗ್ಗೆ ಏನು ಮಾತಾಡಿಕೊಂಡರು? ನೆನಪಿದ್ದರೆ ನಮಗೆ ಬರೆಯಿರಿ. ಅವರು ನಿಮ್ಮೊಂದಿಗೆ ಈಗಲೂ ಇದ್ದರೆ, ಅವರನ್ನೇ ಕೇಳಿ ಬರೆಯಿರಿ.