ನಡವಳಿಕೆಯನ್ನು ಅಳೆಯದ ಆರೋಗ್ಯನೀತಿ
ಟಿ. ದಾಸರಹಳ್ಳಿಯ ನಿವಾಸಿಗಳಲ್ಲಿಯೂ ಪೀಣ್ಯದ ಕಾರ್ಮಿಕ ಬಂಧುಗಳಲ್ಲಿಯೂ ಪಾಲಿಕೆಯ ಆರೋಗ್ಯಾಧಿಕಾರಿಗಳಲ್ಲಿಯೂ ಒಂದು ವಿಜ್ಞಾಪನೆ



ಮುಂಗಾರು ಕಾಲಿಟ್ಟೊಡನೆ ನಮ್ಮ ಬಡಾವಣೆಗಳಿಗೆ ಡೆಂಗಿಯ ಭೀತಿಯೂ ಅದರ ಬೆನ್ನಿಗೇ ಉಪದೇಶದ ಮಹಾಪೂರವೂ ಬರುತ್ತವೆ. ನೀರನ್ನು ಮುಚ್ಚಿಡಿರಿ, ವಾರಕ್ಕೊಮ್ಮೆ ಡ್ರಮ್ಮನ್ನು ಬರಿದು ಮಾಡಿರಿ, ತೆಂಗಿನ ಚಿಪ್ಪು ಟೈರುಗಳನ್ನು ಬಿಸುಡಿರಿ ಎಂದು ಗೋಡೆಗಳೂ ಆಟೋಗಳ ಮೇಲಿನ ಧ್ವನಿವರ್ಧಕಗಳೂ ಸಾರುತ್ತವೆ. ಈ ಮಾತುಗಳಲ್ಲಿ ಒಂದೂ ಸುಳ್ಳಲ್ಲ; ಆದರೂ ಇವು ಕಂಠಪಾಠವಾಗಿರುವ ಮನೆಗಳಲ್ಲಿಯೇ ಡ್ರಮ್ಮು ಬರಿದಾಗುವುದಿಲ್ಲ. ಆಗ ಜನರ ಅಜ್ಞಾನವೇ ಕಾರಣವೆಂದು ತೀರ್ಮಾನಿಸಿ ಇನ್ನಷ್ಟು ಉಪದೇಶವನ್ನು ಅಚ್ಚುಹಾಕಿಸುವುದು ಆಡಳಿತದ ರೂಢಿ. ಈ ರೂಢಿಯನ್ನು ಕೈಬಿಟ್ಟು, ಜನರು ವಸ್ತುತಃ ಏನು ಮಾಡುತ್ತಾರೆ, ಯಾವ ಸನ್ನಿವೇಶದಲ್ಲಿ ಮಾಡುತ್ತಾರೆ, ಮಾಡಿದ ಕೂಡಲೇ ಅವರಿಗೆ ಏನು ಒದಗುತ್ತದೆ ಎಂಬುದನ್ನು ಅಳೆದು, ಆ ಅಳತೆಯ ಮೇಲೆಯೇ ಆರೋಗ್ಯನೀತಿಯನ್ನು ಕಟ್ಟಬೇಕೆಂದೂ ಅದೇ ಅಳತೆಯಿಂದ ಅದನ್ನು ಒರೆಹಚ್ಚಬೇಕೆಂದೂ ನಾವು ವಾದಿಸುತ್ತೇವೆ.

2007ರಲ್ಲಿ ಮಹಾನಗರ ಪಾಲಿಕೆಯೊಳಗೆ ಲೀನವಾಗುವವರೆಗೆ ಪ್ರತ್ಯೇಕ ನಗರಸಭೆಯಾಗಿದ್ದ ಈ ದಾಸರಹಳ್ಳಿಯಲ್ಲಿ, ಪೀಣ್ಯದ ಕಾರ್ಖಾನೆಗಳನ್ನೂ ಗಾರ್ಮೆಂಟ್ಸುಗಳನ್ನೂ ನಂಬಿ ಬಂದ ಅಸಂಖ್ಯ ಕುಟುಂಬಗಳು ವಠಾರಗಳಲ್ಲಿ ಬಾಡಿಗೆಗೆ ವಾಸಿಸುತ್ತಿವೆ. ಕೊಳಾಯಿಯ ನೀರು ದಿನವೂ ಬಾರದ, ಬಂದರೂ ಹೊತ್ತು ಗೊತ್ತಿಲ್ಲದೆ ಬರುವ ವಠಾರದಲ್ಲಿ, ಪಾಳಿಯ ಕೆಲಸಕ್ಕೆ ಹೊರಡಬೇಕಾದ ಹೆಂಗಸು ಕಾದು ಹಿಡಿದು ತುಂಬಿಟ್ಟ ನೀರನ್ನು ಏಳನೆಯ ದಿನ ಚೆಲ್ಲಬೇಕೆಂದರೆ, ಆಕೆಗೆ ಆ ಕ್ಷಣದಲ್ಲಿ ಒದಗುವ ಫಲವು ನಷ್ಟವೊಂದೇ. ಚೆಲ್ಲದಿದ್ದರೆ ಬರಬಹುದಾದ ಕೇಡಾದರೋ ಎಂದೋ, ಯಾರಿಗೋ, ಬಹುಶಃ ನೆರೆಮನೆಯ ಮಗುವಿಗೆ. ಸನ್ನಿಹಿತವಾದ ನಿಶ್ಚಿತ ನಷ್ಟವು ದೂರದ ಅನಿಶ್ಚಿತ ಲಾಭವನ್ನು ಸೋಲಿಸುವುದು ಮನುಷ್ಯಸ್ವಭಾವವೇ ಹೊರತು ದಾಸರಹಳ್ಳಿಯವರ ದೋಷವಲ್ಲ. ಮೇಲಾಗಿ, ಈಡಿಸ್ ಸೊಳ್ಳೆಯ ತತ್ತಿಗಳು ಪಾತ್ರೆಯ ಒಳಮೈಗೆ ಅಂಟಿಕೊಂಡು, ಒಣಗಿದ ಮೇಲೂ ತಿಂಗಳುಗಟ್ಟಲೆ ಜೀವ ಹಿಡಿದಿರಬಲ್ಲವಾದ್ದರಿಂದ ನೀರು ಚೆಲ್ಲಿದರೆ ಸಾಲದು, ಡ್ರಮ್ಮನ್ನು ಉಜ್ಜಿ ತೊಳೆಯಬೇಕು. ದಣಿದು ಬಂದವಳ ಮೇಲೆ ಮತ್ತೊಂದು ದುಡಿಮೆ. ಬಿಗಿಯಾಗಿ ಕೂರುವ ಮುಚ್ಚಳವೋ ಬಲೆಬಟ್ಟೆಯೋ ಅದೇ ಮನೆಗೆ ದೊರೆತರೆ, ಅಥವಾ ನೀರು ಬಿಡುವ ದಿನವೂ ಹೊತ್ತೂ ಖಚಿತವಾಗಿ ತಿಳಿದಿದ್ದು, ಡ್ರಮ್ಮು ತಾನಾಗಿಯೇ ತಳಕಂಡಿರುವ ಅದರ ಮುಂಚಿನ ಸಂಜೆಯೇ ಬೀದಿಗೆಲ್ಲ ತೊಳೆಯುವ ಸಂಜೆಯೆಂದು ಗೊತ್ತಾದರೆ, ಉಪದೇಶದ ಒಂದಕ್ಷರವನ್ನೂ ಹೆಚ್ಚಿಸದೆ ನಡವಳಿಕೆಯನ್ನು ತಿದ್ದುವ ದಾರಿ ತೆರೆಯುತ್ತದೆ.

ಹೀಗೆ ಕ್ರಿಯೆಗೆ ಮುಂಚಿನ ಸನ್ನಿವೇಶವನ್ನೂ ಕ್ರಿಯೆಯ ಅನಂತರದ ಫಲವನ್ನೂ ಪರಿಶೀಲಿಸುವ ಶಾಸ್ತ್ರಕ್ಕೆ ವರ್ತನಾ ವಿಶ್ಲೇಷಣೆಯೆಂದು ಹೆಸರು. ಅಮೆರಿಕದ ಬಿ. ಎಫ್. ಸ್ಕಿನ್ನರ್ ಅವರು ಇದಕ್ಕೆ ತಳಹದಿ ಹಾಕಿದರು. 1968ರಲ್ಲಿ ಬೇಯರ್, ವುಲ್ಫ್, ರಿಸ್ಲಿ ಎಂಬ ಮೂವರು ವಿದ್ವಾಂಸರು ಇದನ್ನು ಲೋಕೋಪಯೋಗಕ್ಕೆ ಅನ್ವಯಿಸುವ ಕ್ರಮವನ್ನು ನಿರೂಪಿಸಿದರು.

ಪರದೇಶದ ಈ ಶಾಸ್ತ್ರ ನಮಗೇಕೆ ಎನ್ನುವವರು, ನಮ್ಮ ಮನೆಮುಂದಿನ ತುಮಕೂರು ರಸ್ತೆಯು ಮುಟ್ಟುವ ಜಿಲ್ಲೆಯಲ್ಲಿಯೇ ನಡೆದ ಒಂದು ಅಧ್ಯಯನವನ್ನು ನೆನೆಯಬೇಕು. 1959ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿತವಾದ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯ ಪರವಾಗಿ ಡಿ. ಬ್ಯಾನರ್ಜಿ ಮತ್ತು ಸ್ಟಿಗ್ ಆಂಡರ್ಸನ್ ಅವರು ತುಮಕೂರು ಜಿಲ್ಲೆಯ ಹಳ್ಳಿಗಳ ಕ್ಷಯರೋಗಿಗಳನ್ನು ಅವರವರ ಮನೆಯಲ್ಲಿಯೇ ಕಂಡು, ಅವರು ತಮ್ಮ ಕೆಮ್ಮಿನ ವಿಷಯವಾಗಿ ಏನು ಮಾಡಿದರೆಂದು ವಿಚಾರಿಸಿ, ಫಲಿತಾಂಶವನ್ನು 1963ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಪತ್ರಿಕೆಯಲ್ಲಿ ಪ್ರಕಟಿಸಿದರು. ಹಳ್ಳಿಗರಿಗೆ ರೋಗದ ಅರಿವಿಲ್ಲ, ಆದ್ದರಿಂದ ಅವರು ಆಸ್ಪತ್ರೆಗೆ ಬರುವುದಿಲ್ಲವೆಂಬುದು ಅಂದಿನ ನಂಬುಗೆ. ಕಂಡುಬಂದದ್ದಾದರೋ ಬೇರೆ: ಬಹುತೇಕ ರೋಗಿಗಳಿಗೆ ತಮ್ಮ ಲಕ್ಷಣಗಳು ಗೊತ್ತಿದ್ದವು, ಸುಮಾರು ಅರ್ಧದಷ್ಟು ಮಂದಿ ಆರೋಗ್ಯಕೇಂದ್ರದ ಬಾಗಿಲಿಗೆ ಹೋಗಿಯೂ ಇದ್ದರು, ಅಲ್ಲಿ ಅವರಿಗೆ ದೊರೆತದ್ದು ಕಫಪರೀಕ್ಷೆಯಲ್ಲ, ಒಂದು ಸೀಸೆ ಕೆಮ್ಮಿನ ಔಷಧ. ತಿದ್ದಬೇಕಾಗಿದ್ದುದು ರೋಗಿಯ ನಡವಳಿಕೆಯನ್ನಲ್ಲ, ಅವನನ್ನು ಬರಮಾಡಿಕೊಂಡವರ ನಡವಳಿಕೆಯನ್ನು. ಕ್ಷಯದ ಚಿಕಿತ್ಸೆಯನ್ನು ಸಾಮಾನ್ಯ ಆಸ್ಪತ್ರೆಗಳೊಳಗೇ ಬೆಸೆದ ರಾಷ್ಟ್ರೀಯ ಕಾರ್ಯಕ್ರಮಕ್ಕೆ ಇಂಥ ಸಂಶೋಧನೆಗಳೇ ಆಧಾರವಾದವು. ಇದು ನಮ್ಮ ನೆಲದ ಜ್ಞಾನ. ಇದನ್ನು ನಾವೇ ಮರೆತಿರುವುದು ವಿಷಾದಕರ.

ಇಂದು ಪೀಣ್ಯದ ಕಾರ್ಮಿಕನು ಎರಡು ವಾರ ಕೆಮ್ಮಿದರೂ ಕಫಪರೀಕ್ಷೆಗೆ ಹೋಗದಿದ್ದರೆ, ಮೊದಲು ಕೇಳತಕ್ಕ ಪ್ರಶ್ನೆ ಅವನಿಗೆ ತಿಳಿವಳಿಕೆ ಉಂಟೇ ಎಂಬುದಲ್ಲ, ಚಿಕಿತ್ಸಾಲಯವು ತೆರೆದಿರುವ ಹೊತ್ತು ಅವನ ಪಾಳಿಯ ಹೊತ್ತೇ, ಹೋದರೆ ಒಂದು ದಿನದ ಕೂಲಿ ಕಳೆಯುವುದೇ ಎಂಬುದು. ಕ್ಷಯರೋಗಿಗಳ ಪೋಷಣೆಗಾಗಿ 2018ರಿಂದ ತಿಂಗಳಿಗೆ 500 ರೂಪಾಯಿಯಂತೆಯೂ 2024ರ ನವೆಂಬರಿನಿಂದ 1000 ರೂಪಾಯಿಯಂತೆಯೂ ಸರ್ಕಾರವು ಕೊಡುತ್ತಿರುವುದು ಸ್ತುತ್ಯವೇ. ಆದರೆ ಔಷಧ ನುಂಗಿದ ದಿನಕ್ಕೂ ಹಣ ಕೈಸೇರಿದ ದಿನಕ್ಕೂ ನಡುವೆ ತಿಂಗಳುಗಳು ಉರುಳಿದರೆ, ಆ ಹಣವು ಆಹಾರಕ್ಕೆ ಒದಗೀತು, ನಡವಳಿಕೆಯನ್ನು ಮಾತ್ರ ನೆಲೆಗೊಳಿಸಲಾರದು. ಫಲವು ಕ್ರಿಯೆಗೆ ಹತ್ತಿರವಿದ್ದಷ್ಟೂ ಬಲವಾಗಿರುವುದು. ರಾಜಸ್ಥಾನದ ಉದಯಪುರದ ಹಳ್ಳಿಗಳಲ್ಲಿ ಮಗುವಿಗೆ ಲಸಿಕೆ ಹಾಕಿಸಿದ ಸ್ಥಳದಲ್ಲಿಯೇ ತಾಯಿಯ ಕೈಗೆ ಒಂದು ಕಿಲೋ ಬೇಳೆಯನ್ನೂ, ಎಲ್ಲ ಲಸಿಕೆಗಳು ಮುಗಿದಾಗ ಊಟದ ತಟ್ಟೆಗಳನ್ನೂ ಕೊಟ್ಟು ನೋಡಿದ ಪ್ರಯೋಗವು 2010ರಲ್ಲಿ ಪ್ರಕಟವಾಯಿತು: ಏನನ್ನೂ ಮಾಡದ ಹಳ್ಳಿಗಳಲ್ಲಿ ಪೂರ್ಣ ಲಸಿಕೆ ಪಡೆದ ಮಕ್ಕಳು ಶೇಕಡ 6; ತಪ್ಪದೆ ನಡೆಯುವ ಶಿಬಿರವನ್ನು ಹೂಡಿದಲ್ಲಿ ಶೇಕಡ 18; ಶಿಬಿರದೊಡನೆ ಬೇಳೆಯನ್ನೂ ಕೊಟ್ಟಲ್ಲಿ ಶೇಕಡ 39.

ದಂಡದ ವಿಷಯದಲ್ಲಿಯೂ ನ್ಯಾಯ ಇದೇ. 2024ರ ಸೆಪ್ಟೆಂಬರಿನಲ್ಲಿ ರಾಜ್ಯ ಸರ್ಕಾರವು ಡೆಂಗಿಯನ್ನು ಸಾಂಕ್ರಾಮಿಕವೆಂದು ಘೋಷಿಸಿ, ಸೊಳ್ಳೆ ಬೆಳೆಯಗೊಟ್ಟ ನಗರದ ಮನೆಗೆ 400 ರೂಪಾಯಿ ದಂಡವನ್ನು ವಿಧಿಸಿತು. ಬಾಡಿಗೆಯವಳಿಗೆ 400 ರೂಪಾಯಿ ಸಣ್ಣ ಮೊತ್ತವಲ್ಲ. ಆದರೆ ಎಂದೋ ಒಮ್ಮೆ, ಯಾರೋ ಒಬ್ಬರಿಗೆ ಬೀಳುವ ದಂಡವು ಡ್ರಮ್ಮನ್ನು ತೊಳೆಯುವುದಕ್ಕಿಂತ ಮೊದಲು ತಪಾಸಣೆಯವರಿಗೆ ಬಾಗಿಲು ತೆರೆಯದಿರುವುದನ್ನು ಕಲಿಸುತ್ತದೆ.

ಅಧಿಕಾರಿಗಳ ನಡವಳಿಕೆಯೂ ಈ ನಿಯಮಕ್ಕೆ ಹೊರತಲ್ಲ. ಹೊಗೆಯಂತ್ರವು ಬೀದಿಯಲ್ಲಿ ಗರ್ಜಿಸಿದರೆ ಜನರು ಮೆಚ್ಚುತ್ತಾರೆ, ಭಾವಚಿತ್ರ ಅಚ್ಚಾಗುತ್ತದೆ. ಅದು ಕೊಲ್ಲುವುದು ಆ ಗಳಿಗೆಯಲ್ಲಿ ಹಾರುತ್ತಿರುವ ಸೊಳ್ಳೆಗಳನ್ನು ಮಾತ್ರ, ನೀರಿನಲ್ಲಿರುವ ಮರಿಗಳನ್ನಲ್ಲ. ಸಂದರ್ಶಿಸಿದ ಮನೆಗಳ ಸಂಖ್ಯೆಯನ್ನೇ ಮೇಲಧಿಕಾರಿಗಳು ಕೇಳುತ್ತಿದ್ದರೆ, ಆರೋಗ್ಯ ಕಾರ್ಯಕರ್ತೆಯು ಬಾಗಿಲು ತಟ್ಟಿ ಮುಂದೆ ಸಾಗುವುದನ್ನೇ ಕಲಿಯುತ್ತಾಳೆ. ಅವಳನ್ನು ಕೇಳಬೇಕಾದ ಲೆಕ್ಕವೇ ಬೇರೆ: ನೂರು ಮನೆಗಳಲ್ಲಿ ಮರಿಯಿದ್ದ ಪಾತ್ರೆಗಳೆಷ್ಟು?

ಇನ್ನು ಮೌಲ್ಯಮಾಪನ. ಮಳೆ ನಿಂತ ಮೇಲೆ ಡೆಂಗಿಯು ತಾನಾಗಿಯೇ ಇಳಿಯುವುದರಿಂದ, ಇಳಿತದ ಮುಂಚೆ ಏನನ್ನು ಮಾಡಿದ್ದರೂ ಅದಕ್ಕೆ ಕೀರ್ತಿ ಬರುತ್ತದೆ. ಈ ಭ್ರಮೆಯನ್ನು ಕಳೆಯುವ ಉಪಾಯವೂ ಇದೇ ಶಾಸ್ತ್ರದಲ್ಲುಂಟು. ಬಾಗಲಗುಂಟೆ, ಮಲ್ಲಸಂದ್ರ, ಚೊಕ್ಕಸಂದ್ರ ಈ ಮೂರೆಡೆಯೂ ಮರಿಯಿರುವ ಪಾತ್ರೆಗಳ ಎಣಿಕೆಯನ್ನು ಏಕಕಾಲದಲ್ಲಿ ಆರಂಭಿಸಿ, ಮುಚ್ಚಳ ಹಂಚುವ ಹಾಗೂ ನೀರಿನ ವೇಳೆಯನ್ನು ಸಾರುವ ಕಾರ್ಯವನ್ನು ಮಾತ್ರ ಒಂದೆಡೆ ಮೊದಲು, ಇನ್ನೊಂದೆಡೆ ಕೆಲವು ವಾರಗಳ ಅನಂತರ, ಮೂರನೆಯೆಡೆ ಕಡೆಗೆ ತೊಡಗಿಸಬೇಕು. ಕಾರ್ಯವು ತೊಡಗಿದಲ್ಲೆಲ್ಲ, ತೊಡಗಿದಾಗಲೇ ಎಣಿಕೆ ಇಳಿದರೆ ಉಪಾಯವು ಫಲಿಸಿತು. ಮೂರೆಡೆಯೂ ಒಟ್ಟಿಗೇ ಇಳಿದರೆ ಅದು ಋತುವಿನ ಮಹಿಮೆ. ಎಲ್ಲಿಯೂ ಇಳಿಯದಿದ್ದರೆ ಉಪಾಯವನ್ನು ಬದಲಿಸಬೇಕು, ಜನರನ್ನು ದೂಷಿಸಕೂಡದು. ಯಾರೂ ಶಾಶ್ವತವಾಗಿ ವಂಚಿತರಾಗದಿರುವುದು ಈ ಕ್ರಮದ ಗುಣ.

ಇದು ಜನರನ್ನು ಬೊಂಬೆಯಾಡಿಸುವ ವಿದ್ಯೆಯಲ್ಲವೇ ಎಂಬ ಆಕ್ಷೇಪವು ಗಂಭೀರವಾದದ್ದು. ಗುಟ್ಟಿನಲ್ಲಿ ಮಾಡಿದರೆ ಅಹುದು. ಆದಕಾರಣವೇ ಗುರಿಯನ್ನೂ ಉಪಾಯವನ್ನೂ ಆ ಬೀದಿಯವರೊಡನೆ ಮುಂಚಿತವಾಗಿ ಚರ್ಚಿಸಿ, ಅವರು ಒಪ್ಪದ್ದನ್ನು ಕೈಬಿಡತಕ್ಕದ್ದು. ಗುಟ್ಟಾಗಿ ಅಲ್ಲದಿದ್ದರೂ ಕೂಲಿಯ ನಷ್ಟವೂ ನೀರಿನ ಅಭಾವವೂ ಈಗಾಗಲೇ ಜನರನ್ನು ಆಡಿಸುತ್ತಿವೆಯೆಂಬುದನ್ನು ಆಕ್ಷೇಪಿಸುವವರು ಗಮನಿಸಬೇಕು.

ಆದುದರಿಂದ ನಾವು ಕೇಳುವುದಿಷ್ಟು. ಬರುವ ಮಳೆಗಾಲಕ್ಕೆ ಮುಂಚೆಯೇ ಎಣಿಕೆ ಆರಂಭವಾಗಲಿ. ಪ್ರತಿ ತಿಂಗಳ ಅಂಕಿಯು ಕನ್ನಡದಲ್ಲಿ ವಾರ್ಡ್ ಕಚೇರಿಯ ಹೊರಗೋಡೆಯ ಮೇಲೆ ಕಾಣಲಿ. ವಾರದಲ್ಲಿ ಎರಡು ಸಂಜೆಯಾದರೂ ಪಾಳಿ ಬಿಟ್ಟವರಿಗಾಗಿ ಚಿಕಿತ್ಸಾಲಯವು ತೆರೆದಿರಲಿ. ಎಣಿಸುವವರು ಹೊಗೆ ಹಾಕುವ ವಿಭಾಗದವರಾಗದೆ, ವಠಾರದ ಹೆಂಗಸರೂ ಕಾರ್ಮಿಕ ಸಂಘದವರೂ ಸಮೀಪದ ಕಾಲೇಜಿನ ವಿದ್ಯಾರ್ಥಿಗಳೂ ಕೂಡಿದ ತಂಡವಾಗಿರಲಿ.