ಪಂಕ್ತಿಯ ಊಟ, ಮನೆಯ ಊಟ

ಕಳೆದ ಡಿಸೆಂಬರ್ ತಿಂಗಳಿನಲ್ಲಿ ಬೀದರಿಗೆ ಹೋಗಿ ಬಂದೆವು. ನಾನು, ನನ್ನ ಶ್ರೀಮತಿ, ಮಗಳು, ಅಳಿಯ, ಮೊಮ್ಮಗ ಮತ್ತು ಅಳಿಯನ ತಾಯಿ, ಹೀಗೆ ಆರು ಮಂದಿ. ನಿವೃತ್ತನಾದ ಮೇಲೆ ಪ್ರವಾಸಗಳು ಹಲವು ಆಗಿವೆಯಾದರೂ ಬೀಗರೊಡನೆ ಕೂಡಿ ಹೋದದ್ದು ಇದೇ ಮೊದಲು. ಮಗಳ ಮದುವೆಯಾಗಿ ಹದಿನಾಲ್ಕು ವರ್ಷಗಳಾದವು. ಅಳಿಯ ಬೇರೆ ಜಾತಿಯವನು. ಇದನ್ನು ಇಲ್ಲಿಯೇ ಹೇಳಿಬಿಡುವುದು ಒಳ್ಳೆಯದು, ಮುಂದೆ ಬೇಕಾಗುತ್ತದೆ.

ಬೆಂಗಳೂರಿನಿಂದ ರಾತ್ರಿಯ ರೈಲು. ನಮ್ಮ ಕಡೆಯಿಂದ ಚಪಾತಿ, ಮೊಸರನ್ನದ ಬುತ್ತಿ. ಬೀಗಿತ್ತಿಯವರು ಅಕ್ಕಿ ರೊಟ್ಟಿ, ಹುಚ್ಚೆಳ್ಳಿನ ಚಟ್ನಿಪುಡಿ ಕಟ್ಟಿಕೊಂಡು ಬಂದಿದ್ದರು. ಡಬ್ಬಿಯ ಮುಚ್ಚಳ ತೆಗೆದು ನನ್ನ ಕಡೆಗೊಮ್ಮೆ ನೋಡಿದರು. ನಾನು, "ರಾತ್ರಿ ನನಗೆ ಇಷ್ಟೇ ಸಾಕು" ಎಂದು ಮೊಸರನ್ನವನ್ನು ತೋರಿಸಿದೆ. ಅವರು ಒತ್ತಾಯಿಸಲಿಲ್ಲ. ಒತ್ತಾಯಿಸಬಾರದೆಂಬುದನ್ನು ಹದಿನಾಲ್ಕು ವರ್ಷಗಳಲ್ಲಿ ನಾನೇ ಅವರಿಗೆ ಕಲಿಸಿದ್ದೆ.

ಬೀದರಿನಲ್ಲಿ ಮೊದಲು ಝರಣಿ ನರಸಿಂಹನ ದರ್ಶನ. ಗವಿಯೊಳಗೆ ಎದೆಮಟ್ಟದ ನೀರಿನಲ್ಲಿ ನಡೆದುಹೋಗಿ ದೇವರನ್ನು ಕಾಣಬೇಕು. ತಲೆಯ ಮೇಲೆ ಬಾವಲಿಗಳು. ಮಂಡಿನೋವಿನ ನೆಪ ಹೇಳಿ ನಾನು ಹೊರಗೆ ಎಲ್ಲರ ಬಟ್ಟೆ ಕಾಯುತ್ತ ಕುಳಿತೆ. ಬೀಗಿತ್ತಿಯರಿಬ್ಬರೂ ಒಬ್ಬರ ಕೈ ಒಬ್ಬರು ಹಿಡಿದುಕೊಂಡು ಹೋಗಿ, ನಡುಗುತ್ತ ನಗುತ್ತ ಹಿಂದಿರುಗಿದರು. ಕೋಟೆ ಮತ್ತು ಮಹಮೂದ್ ಗವಾನನ ಮದರಸಾದ ಬಗ್ಗೆ ಇನ್ನೊಮ್ಮೆ ಬರೆಯುತ್ತೇನೆ.

ಮಧ್ಯಾಹ್ನದ ಹೊತ್ತಿಗೆ ಗುರುನಾನಕ್ ಝೀರಾ ಸಾಹಿಬ್‌ಗೆ ಹೋದೆವು. ಗುರುನಾನಕರು ದಕ್ಷಿಣದ ಯಾತ್ರೆಯಲ್ಲಿ ಇಲ್ಲಿ ತಂಗಿದ್ದರೆಂದೂ, ಸಿಹಿನೀರಿಲ್ಲದೆ ಬಳಲುತ್ತಿದ್ದ ಜನರಿಗಾಗಿ ಬಂಡೆಯಿಂದ ಝರಿ ಚಿಮ್ಮಿಸಿದರೆಂದೂ ಸಿಖ್ಖರ ನಂಬಿಕೆ. 1699ರಲ್ಲಿ ಆನಂದಪುರದಲ್ಲಿ ಗುರು ಗೋವಿಂದ ಸಿಂಗರ ಕರೆಗೆ ತಲೆ ಕೊಡಲು ಎದ್ದುನಿಂತ ಐವರಲ್ಲಿ ಒಬ್ಬರು ಈ ಬೀದರಿನವರೇ, ಭಾಯಿ ಸಾಹಿಬ್ ಸಿಂಗ್. ಹುಟ್ಟಿನಿಂದ ಕ್ಷೌರಿಕರು. ಮೂವತ್ತು ವರ್ಷಕ್ಕೂ ಮೇಲ್ಪಟ್ಟು ಇತಿಹಾಸ ಪಾಠ ಮಾಡಿದ ನಾನು ಈ ಸಂಗತಿಯನ್ನು ತರಗತಿಯಲ್ಲಿ ಒಮ್ಮೆಯೂ ಹೇಳಿದವನಲ್ಲ.

ತಲೆಗೆ ಬಟ್ಟೆ ಕಟ್ಟಿಕೊಂಡು ಲಂಗರಿನಲ್ಲಿ ಕುಳಿತೆವು. ನೆಲದ ಮೇಲೆ ಉದ್ದನೆಯ ಚಾಪೆ, ಮುಂದೆ ಸ್ಟೀಲಿನ ತಟ್ಟೆ. ರೊಟ್ಟಿಯನ್ನು ಎರಡೂ ಕೈ ಚಾಚಿ ಪಡೆಯಬೇಕು. ನನ್ನ ಬಲಕ್ಕೆ ಯಾರೋ ಲಾರಿ ಚಾಲಕ, ಎಡಕ್ಕೆ ಬೀಗಿತ್ತಿಯವರು. ಬೇಳೆ ಬಡಿಸಿದ ಹುಡುಗ ಯಾರೆಂದು ನಾನು ಕೇಳಲಿಲ್ಲ. ಒಳಗೆ ರೊಟ್ಟಿ ಲಟ್ಟಿಸುತ್ತಿದ್ದವರು ಯಾರೆಂದೂ ಕೇಳಲಿಲ್ಲ. ಹಸಿವಾಗಿತ್ತು, ಎರಡು ಬಾರಿ ಹಾಕಿಸಿಕೊಂಡು ಉಂಡೆ. ಏಳುವಾಗ ಬೀಗಿತ್ತಿಯವರು ಮೆಲ್ಲಗೆ ಹೇಳಿದರು: "ಅಂತೂ ಇವತ್ತು ನಿಮ್ಮ ಪಕ್ಕ ಕೂತು ಉಂಡಂಗಾಯ್ತು ಮೇಷ್ಟ್ರೇ."

ಅವರ ಮಾತಿನಲ್ಲಿ ಕೊಂಕು ಇರಲಿಲ್ಲ. ನಿಜವಾದ ಸಂತೋಷವಿತ್ತು. ಅದೇ ನನ್ನನ್ನು ಚುಚ್ಚಿದ್ದು.

ಮದುವೆಗೆ ನಾನು ಅಡ್ಡಿ ಮಾಡಿದವನಲ್ಲ. ಮುಂದೆ ನಿಂತು ಧಾರೆ ಎರೆದೆ. ನೆಂಟರೆದುರು ಮಗಳ ಪರವಾಗಿ ವಾದಿಸಿದೆ. ನಾನು ಉದಾರಿ ಎಂದು ನಾಲ್ಕು ಜನ ಹೇಳಿದಾಗ ಹಿಗ್ಗಿದೆ. ಆದರೆ ಬೀಗರ ಮನೆಗೆ ಹೋದಾಗಲೆಲ್ಲ ನನಗೆ ಒಂದಿಲ್ಲೊಂದು ಕಾರಣವಿರುತ್ತಿತ್ತು. ಒಮ್ಮೆ ಏಕಾದಶಿ, ಒಮ್ಮೆ ಹೊಟ್ಟೆ ಸರಿಯಿಲ್ಲ, ಇನ್ನೊಮ್ಮೆ "ಈಗ ತಾನೇ ಆಯಿತು". ಬಾಳೆಹಣ್ಣು, ಹಾಲು, ಹೆಚ್ಚೆಂದರೆ ಕಾಫಿ. ಅವರು ಮಾಂಸಾಹಾರಿಗಳು, ನಾನು ಸಸ್ಯಾಹಾರಿ, ಆದ್ದರಿಂದ ಸಂಕೋಚ ಎಂದು ನನಗೆ ನಾನೇ ಸಮಾಧಾನ ಹೇಳಿಕೊಳ್ಳುತ್ತಿದ್ದೆ. ಅದು ಸುಳ್ಳು. ನಾವು ಬರುತ್ತೇವೆಂದು ತಿಳಿದ ದಿನ ಆ ಮನೆಯಲ್ಲಿ ಹೊಸ ಪಾತ್ರೆಯಲ್ಲಿ ಬರಿಯ ಸೊಪ್ಪಿನ ಸಾರು ಮಾಡುತ್ತಿದ್ದರೆಂದು ಮಗಳು ಎಷ್ಟೋ ಸಲ ಹೇಳಿದ್ದಳು. ಆಮೇಲೆ ಹೇಳುವುದನ್ನು ಬಿಟ್ಟಳು. ನನ್ನ ಶ್ರೀಮತಿಯಾದರೋ, ಒಬ್ಬಳೇ ಹೋದಾಗಲೆಲ್ಲ ಅಲ್ಲಿ ಹೊಟ್ಟೆ ತುಂಬ ಉಂಡು ಬರುತ್ತಿದ್ದಳಂತೆ. ಈ ವಿಷಯ ನನಗೆ ತಿಳಿದದ್ದು ಬೀದರಿನಲ್ಲಿಯೇ. ಮನೆಯ ಯಜಮಾನನಿಗೆ ತನ್ನ ಮನೆಯ ಸುದ್ದಿ ತಿಳಿಯುವುದು ಯಾವಾಗಲೂ ತಡ.

ನಮ್ಮಲ್ಲಿ ಅನ್ನದಾನವನ್ನು ಹೊಗಳದವರಿಲ್ಲ. ಹೊರನಾಡಿನ ಅನ್ನಪೂರ್ಣೇಶ್ವರಿಯ ಸನ್ನಿಧಿಯಲ್ಲಿ ಬಂದವರಿಗೆಲ್ಲ ಊಟ. ತುಮಕೂರಿನ ಸಿದ್ಧಗಂಗಾ ಮಠದಲ್ಲಿ ಶಿವಕುಮಾರ ಸ್ವಾಮಿಗಳು 2019ರಲ್ಲಿ ಲಿಂಗೈಕ್ಯರಾಗುವವರೆಗೂ ನಡೆಸಿದ ದಾಸೋಹವನ್ನು ನಾಡೇ ಬಲ್ಲದು, ಅದು ಇಂದಿಗೂ ನಡೆದಿದೆ. ನಾನೂ ಇವನ್ನು ಕುರಿತು ಭಾಷಣ ಮಾಡಿದ್ದೇನೆ. ಆದರೆ ಈಗ ಅನ್ನಿಸುತ್ತದೆ, ಕ್ಷೇತ್ರದ ಪಂಕ್ತಿಯಲ್ಲಿ ಉಣ್ಣುವುದು ನಮ್ಮಂಥವರಿಗೆ ಕಷ್ಟದ ಕೆಲಸವೇ ಅಲ್ಲ. ಅಲ್ಲಿ ಅಡುಗೆ ಮಾಡಿದವರ ಮುಖ ಕಾಣುವುದಿಲ್ಲ, ಪಕ್ಕದವರ ಹೆಸರು ಗೊತ್ತಿಲ್ಲ, ಪ್ರಸಾದವೆಂದ ಮೇಲೆ ಪ್ರಶ್ನೆಯಿಲ್ಲ. ಹೋಟೆಲಿನಲ್ಲೂ ಅಷ್ಟೇ. ಒಂದು ಕಾಲಕ್ಕೆ ಹೋಟೆಲುಗಳಲ್ಲಿಯೂ ಬ್ರಾಹ್ಮಣರಿಗೆ ಪ್ರತ್ಯೇಕ ಜಾಗವಿರುತ್ತಿತ್ತು. 1950ರಲ್ಲಿ ಜಾರಿಗೆ ಬಂದ ನಮ್ಮ ಸಂವಿಧಾನದ 15ನೆಯ ವಿಧಿ ಅಂಥ ಭೇದವನ್ನು ನಿಷೇಧಿಸಿತು. ಇಂದು ಮಸಾಲೆದೋಸೆ ಹುಯ್ದವನ ಜಾತಿಯನ್ನು ಯಾರೂ ಕೇಳುವುದಿಲ್ಲ. ನಾನಂತೂ ಊರೂರಿನ ಹೋಟೆಲುಗಳಲ್ಲಿ ತಿಂದವನೇ. ಸಂವಿಧಾನ ತಲುಪದ ಜಾಗವೊಂದಿದೆ, ಅದು ಪರಿಚಯಸ್ಥರ ಮನೆಯ ಅಡುಗೆಮನೆ. ಮುಖ, ಹೆಸರು, ಸಂಬಂಧ ಎಲ್ಲವೂ ಗೊತ್ತಿರುವ ಆ ಜಾಗದಲ್ಲಿಯೇ ನಾವು ಹಿಂದೆಗೆಯುತ್ತೇವೆ. ಅಪರಿಚಿತರ ಕೈಯ ಅನ್ನ ಆದೀತು, ಮೊಮ್ಮಗನ ಅಜ್ಜಿಯ ಕೈಯ ಅನ್ನ ಆಗದು ಎಂದರೆ ಇದು ಶುದ್ಧಿಯ ಮಾತಲ್ಲ, ಮೇಲು ಕೀಳಿನ ಲೆಕ್ಕ.

ಮರುದಿನ ಬಸವಕಲ್ಯಾಣಕ್ಕೆ ಹೋದೆವು, ಸುಮಾರು 80 ಕಿಲೋಮೀಟರ್. 108 ಅಡಿಯ ಬಸವಣ್ಣನವರ ಪ್ರತಿಮೆಯನ್ನು ಮೊಮ್ಮಗ ಬಾಯ್ದೆರೆದು ನೋಡಿದ. ನಾನು ನಿಂತದ್ದು ಹರಳಯ್ಯನವರ ಗವಿಯ ಬಳಿ. ಪರಂಪರೆ ಹೇಳುವಂತೆ, ಸಮಗಾರ ಹರಳಯ್ಯನವರ ಮಗನಿಗೂ ಬ್ರಾಹ್ಮಣ ಮೂಲದ ಮಧುವರಸರ ಮಗಳಿಗೂ ಮದುವೆಯಾಯಿತು. ಅದಕ್ಕಾಗಿ ಬಿಜ್ಜಳನ ಆಜ್ಞೆಯಂತೆ ತಂದೆಯರಿಬ್ಬರಿಗೂ ಎಳೆಹೂಟೆಯ ಶಿಕ್ಷೆಯಾಯಿತು. ಗಿರೀಶ ಕಾರ್ನಾಡರ 'ತಲೆದಂಡ' ನಾಟಕದ ವಸ್ತು ಇದೇ. ಬೀಗರಿಬ್ಬರು ಒಟ್ಟಿಗೆ ಜೀವ ಬಿಟ್ಟ ಊರು ಅದು. ನನಗೆ ಬೀಗರ ಮನೆಯ ಒಂದು ತುತ್ತು ಕಷ್ಟವಾಗಿತ್ತು.

ಅಲ್ಲಿ ಕುಳಿತಿದ್ದಾಗ ಇನ್ನೂ ಹಳೆಯದೊಂದು ನೆನಪಾಯಿತು. 1976ರ ಸುಮಾರು. ನಾನು ಹೊಸ ಮೇಷ್ಟ್ರು, ಹಳ್ಳಿಯ ಪ್ರೌಢಶಾಲೆ. ಚುರುಕಾದ ಹುಡುಗನೊಬ್ಬ ಊರಿಗೇ ಮೊದಲಿಗನಾಗಿ ಎಸ್.ಎಸ್.ಎಲ್.ಸಿ.ಯಲ್ಲಿ ಪ್ರಥಮ ದರ್ಜೆ ಪಡೆದ. ಅವನ ತಂದೆ ಬಂದು ಕರೆದ, ಹೋದೆ. ಮನೆ ಊರಾಚೆಗಿತ್ತು. ಅಂಗಳ ಸಾರಿಸಿ ರಂಗೋಲಿ ಹಾಕಿದ್ದರು. ಒಳಗಿನಿಂದ ಪಾಯಸದ ವಾಸನೆ ಬರುತ್ತಿತ್ತು. ನಾನು ಏನು ಹೇಳಿ ತಪ್ಪಿಸಿಕೊಳ್ಳಲಿ ಎಂದು ಯೋಚಿಸುತ್ತಿರುವಾಗಲೇ ಆ ತಂದೆ ಕೆತ್ತಿಟ್ಟ ಎಳನೀರೊಂದನ್ನು ತಂದು, "ಇದಕ್ಕೇನೂ ಆಗಾಕಿಲ್ಲ ಸ್ವಾಮಿ, ಮರದಿಂದ ಈಗಷ್ಟೇ ಇಳಿಸಿದ್ದು" ಎಂದು ಕೈಗಿತ್ತ. ನನಗೆ ಎಷ್ಟು ಹಾಯೆನಿಸಿತು! ಎಂಥ ಸೂಕ್ಷ್ಮಜ್ಞ ಎಂದು ಮನಸ್ಸಿನಲ್ಲಿಯೇ ಮೆಚ್ಚಿಕೊಂಡೆ. ಹುಡುಗ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದ. ಪಾಯಸದ ಲೋಟ ಅವನ ಕೈಯಲ್ಲಿತ್ತೆಂದು ನೆನಪು. ಅದನ್ನು ಅವನು ಹಿಂದಕ್ಕೆ ಒಯ್ದ. ಅದೇ ವರ್ಷ ನಾನು ತರಗತಿಯಲ್ಲಿ ಶರಣರ ಸಮಾನತೆಯ ಪಾಠವನ್ನು ಬಹಳ ಭಾವುಕನಾಗಿ ಮಾಡಿದ್ದೆ, ಅದೇ ಹುಡುಗನ ಎದುರಿಗೆ.

ಆ ತಂದೆ ಮರ್ಯಾದೆ ತೋರಿಸಿದ್ದು ನನಗೆ. ನಾನು ಅವನಿಗೆ ಏನು ತೋರಿಸಿದೆ? ಈ ಪ್ರಶ್ನೆ ನನಗೆ ಹೊಳೆಯಲು ಐವತ್ತು ವರ್ಷ ಹಿಡಿಯಿತು. ಆ ಹುಡುಗ ಈಗ ಎಲ್ಲಿರುವನೋ ತಿಳಿಯದು. ಸಿಕ್ಕರೂ ಕ್ಷಮೆ ಕೇಳುವುದು ಹೇಗೆ? ಒಂದು ಲೋಟ ಪಾಯಸದ ಮಾತನ್ನು ಈಗ ಎತ್ತಿದರೆ ಅವನಿಗೆ ಮತ್ತೊಮ್ಮೆ ನೋವೇ ಆದೀತು.

ಹಿರಿಯ ಓದುಗರಲ್ಲಿ ಕೆಲವರು ಆಚಾರ ಅವರವರ ಇಚ್ಛೆ ಎನ್ನಬಹುದು. ಮಾಂಸ ತಿನ್ನದಿರುವುದು ನನ್ನ ಇಚ್ಛೆ, ಅದನ್ನು ಬಿಡೆಂದು ಬೀಗರು ಯಾವತ್ತೂ ಹೇಳಿಲ್ಲ. ಮಡಿಯುಟ್ಟು ಪೂಜೆ ಮಾಡುವುದೂ ನನ್ನ ಇಚ್ಛೆ, ಈಗಲೂ ಮಾಡುತ್ತೇನೆ. ಆದರೆ ನನ್ನ ಆಚಾರ ಉಳಿಯಬೇಕಾದರೆ ಎದುರಿಗಿರುವವರು ತಲೆ ತಗ್ಗಿಸಿ ಡಬ್ಬಿ ಮುಚ್ಚಬೇಕೆಂದಿದ್ದರೆ ಅದು ಕೇವಲ ನನ್ನ ಖಾಸಗಿ ವಿಷಯವಾಗಿ ಉಳಿಯುವುದಿಲ್ಲ.

ಹಿಂದಿರುಗುವ ರೈಲಿಗೆ ಬೀಗಿತ್ತಿಯವರು ತಾವಿಳಿದಿದ್ದ ಪರಿಚಯದವರ ಮನೆಯಲ್ಲಿ ಜೋಳದ ರೊಟ್ಟಿ ತಟ್ಟಿ, ಬದನೆಕಾಯಿ ಪಲ್ಯ ಮಾಡಿ ತಂದಿದ್ದರು. ಡಬ್ಬಿ ತೆರೆದರು, ಈ ಬಾರಿ ನನ್ನ ಕಡೆಗೆ ನೋಡಲಿಲ್ಲ. ನಾನೇ ಕೈ ಚಾಚಿದೆ, ಲಂಗರಿನಲ್ಲಿ ಚಾಚಿದಂತೆ ಎರಡೂ ಕೈ. ಮಗಳು ಕಿಟಕಿಯ ಕಡೆಗೆ ಮುಖ ತಿರುಗಿಸಿಕೊಂಡಳು. ಮೊಮ್ಮಗ ಮೊಬೈಲಿನಲ್ಲಿ ಮುಳುಗಿದ್ದ, ಅವನಿಗೆ ಇದೊಂದು ಸಂಗತಿಯೆಂದೇ ತೋರಲಿಲ್ಲ.

ಪಲ್ಯಕ್ಕೆ ಉಪ್ಪು ಸ್ವಲ್ಪ ಮುಂದಾಗಿತ್ತು. ಹಾಗೆಂದು ಹೇಳಿಯೂ ಬಿಟ್ಟೆ. "ಬೇರೆಯವರ ಮನೆ ಉಪ್ಪು ಮೇಷ್ಟ್ರೇ, ಅಂದಾಜು ಸಿಗಲಿಲ್ಲ. ನಮ್ಮನೆಗೆ ಬನ್ನಿ, ಸರಿಯಾಗಿ ಮಾಡಿ ಹಾಕ್ತೀನಿ" ಎಂದರು. ಸಂಕ್ರಾಂತಿಯ ಮರುದಿನ ಹೋಗಿದ್ದೆವು.